ಪುಟ ಮಗುಚಿ ನೋಡು

ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಯನ್ನು ನೀವು ಯಾವಾಗಲಾದರೂ ಕೈಯಲ್ಲಿ ಹಿಡಿದು ನೋಡಿದ್ದರೆ ಪುಟದ ಅಡಿಯಲ್ಲಿ, ಬಲಗಡೆಯ ಮೂಲೆಗೆ, ಎರಡು ಪುಟ್ಟ ಇಂಗ್ಲಿಷ್ ಶಬ್ದಗಳನ್ನು ಕಂಡಿರುತ್ತೀರಿ. ಟರ್ನ್ ಓವರ್. ಪುಟ ತಿರುಗಿಸಿ, ಮುಂದೆ ಇನ್ನೂ ಇದೆ ಎಂದು ಅರ್ಥ. ಅದು ಪ್ರಶ್ನೆಯಲ್ಲ, ಅದಕ್ಕೆ ಅಂಕವಿಲ್ಲ, ಯಾವ ಪಾಠದಲ್ಲೂ ಬರುವುದಿಲ್ಲ. ಇಂಗ್ಲಿಷ್ ಕಲಿಸುವ ನಾನೇ ನೌಕರಿಯ ಮೊದಲ ವರ್ಷಗಳಲ್ಲಿ ಅದನ್ನು ಸರಿಯಾಗಿ ಓದಿರಲಿಲ್ಲ. ದಿನಾ ದಾಟುವ ಹೊಸ್ತಿಲನ್ನು ಯಾರು ಬಗ್ಗಿ ನೋಡುತ್ತಾರೆ? ಎಡವಿದ ಮೇಲೆ ನೋಡುತ್ತೇವೆ. ಇಲ್ಲಿ ಎಡವಿದವಳು ನಾನಲ್ಲ, ನನ್ನ ಒಬ್ಬಳು ವಿದ್ಯಾರ್ಥಿನಿ.

ನನ್ನ ತವರು ಅಂಕೋಲೆ, ಕೊಟ್ಟ ಮನೆ ಕಾರವಾರ. ನಡುವೆ ಸುಮಾರು 35 ಕಿಲೋಮೀಟರ್ ದಾರಿ. ಬಿ.ಎ., ಬಿ.ಎಡ್. ಮುಗಿಸಿದ ನನಗೆ ನೌಕರಿ ಸಿಕ್ಕಿದ್ದು ಅಂಕೋಲಾ ತಾಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಹೀಗಾಗಿ ಮದುವೆಯಾದ ಮೇಲೂ ದಿನ ಬೆಳಗಾದರೆ ತವರಿನ ದಿಕ್ಕಿಗೆ ಬಸ್ಸು ಹತ್ತುವ ಭಾಗ್ಯ ನನ್ನದಾಗಿತ್ತು. ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ ಎಂದು ಕಂಡಕ್ಟರನಿಗಿಂತ ಮೊದಲೇ ನಾನು ಮನಸ್ಸಿನಲ್ಲಿ ಕೂಗಿಕೊಳ್ಳುತ್ತಿದ್ದೆ. ಆಗ ಅದು ರಾಷ್ಟ್ರೀಯ ಹೆದ್ದಾರಿ 17, ಈಗಿನ 66. ಒಂದು ಮಗ್ಗುಲಿಗೆ ಗುಡ್ಡ, ಇನ್ನೊಂದು ಮಗ್ಗುಲಿಗೆ ಆಗೀಗ ಇಣುಕುವ ಸಮುದ್ರ. ದಾರಿಯುದ್ದಕ್ಕೂ ಹಳದಿ, ಬಿಳಿ ಫಲಕಗಳು: ಮುಂದೆ ತಿರುವು ಇದೆ, ಮುಂದೆ ಶಾಲೆ ಇದೆ, ನಿಧಾನವಾಗಿ ಚಲಿಸಿ. ಇಪ್ಪತ್ತು ವರ್ಷ ಅದೇ ದಾರಿಯಲ್ಲಿ ಬಸ್ಸು ಓಡಿಸಿದ ನಮ್ಮ ಡ್ರೈವರಿಗೆ ಆ ಫಲಕಗಳು ಬೇಕಾಗಿರಲಿಲ್ಲ. ಬೇಕಾದದ್ದು ಎಲ್ಲಿಂದಲೋ ಬಂದ, ಈ ದಾರಿಯನ್ನೇ ಕಾಣದ ಲಾರಿಯವನಿಗೆ.

ಇಂಗ್ಲಿಷ್ ಬರವಣಿಗೆಯಲ್ಲೂ ಇಂಥ ಫಲಕಗಳಿವೆ. ದ ಫಾಲೋಯಿಂಗ್, ಆ್ಯಸ್ ಫಾಲೋಸ್, ಗಿವನ್ ಬಿಲೋ, ಸೀ ಓವರ್‌ಲೀಫ್, ಇನ್ ದ ನೆಕ್ಸ್ಟ್ ಚಾಪ್ಟರ್, ಆ್ಯಸ್ ವಿ ಶಲ್ ಸೀ. ಇವು ತಾವಾಗಿ ಏನನ್ನೂ ಹೇಳುವುದಿಲ್ಲ. ಮುಂದೆ ಬರುವುದರ ಕಡೆಗೆ ಕೈ ತೋರಿಸುತ್ತವೆ, ಅಷ್ಟೆ. ಒಂದು ತರಬೇತಿಯಲ್ಲಿ ಇವಕ್ಕೆ ಸೈನ್‌ಪೋಸ್ಟ್ ಎನ್ನುತ್ತಾರೆಂದು ತಿಳಿದಾಗ ನನಗೆ ಆ ಡ್ರೈವರೂ ಲಾರಿಯವನೂ ನೆನಪಾಗಿದ್ದರು. ಆದರೆ ಆ ತರಬೇತಿಯ ಹೊತ್ತಿಗೆ ಆಗಬಾರದ್ದು ಆಗಿಹೋಗಿತ್ತು.

1999ರ ಮಾತು. ಹತ್ತನೆಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಅಪ್ಪ ಕಂಡವರ ಗದ್ದೆ, ತೋಟಗಳಲ್ಲಿ ಕೂಲಿ ಮಾಡುವವನು. ಮನೆಯಲ್ಲಿ ಅಕ್ಷರ ಬಲ್ಲವರು ಇವಳೊಬ್ಬಳೇ. ಗುಡ್ಡ ಇಳಿದು, ಹಳ್ಳ ದಾಟಿ ನಡೆದು ಬರುತ್ತಿದ್ದಳು. ಮಳೆಗಾಲದಲ್ಲಿ ಅವಳ ಪುಸ್ತಕಗಳು ಪ್ಲಾಸ್ಟಿಕ್ ಚೀಲದಲ್ಲಿದ್ದರೂ ಹಪ್ಪಳದ ಹಾಗೆ ಉಬ್ಬಿರುತ್ತಿದ್ದವು. ಇಂಗ್ಲಿಷ್ ಅವಳಿಗೆ ಕಷ್ಟವಾಗಿತ್ತು. ಪದ್ಯ ಬಾಯಿಪಾಠವಾಗುತ್ತಿರಲಿಲ್ಲ, ವ್ಯಾಕರಣ ತಲೆಗೆ ಹತ್ತುತ್ತಿರಲಿಲ್ಲ. ಆದರೆ ಪತ್ರಲೇಖನ ಮಾತ್ರ ಹೇಗೋ ಕೈಗೆ ಹತ್ತಿತ್ತು. ಫ್ರಮ್, ಟು, ರೆಸ್ಪೆಕ್ಟೆಡ್ ಸರ್ ಎಂದು ಶುರುಮಾಡಿದರೆ ಯುವರ್ಸ್ ಒಬೀಡಿಯಂಟ್ಲಿವರೆಗೆ ಒಂದು ಕಾಗುಣಿತವೂ ತಪ್ಪದಂತೆ ಬರೆಯುತ್ತಿದ್ದಳು. "ಪತ್ರದ ಪ್ರಶ್ನೆ ಬಿಡಬೇಡ ತಂಗಿ, ನಿನ್ನ ಐದು ಮಾರ್ಕು ಅಲ್ಲಿ ಗಟ್ಟಿ" ಎಂದು ನಾನು ಹತ್ತು ಸಲ ಹೇಳಿದ್ದೆ.

ಪರೀಕ್ಷೆ ಮುಗಿದು ಹೊರಗೆ ಬಂದವಳು ನನ್ನನ್ನು ನೋಡಿ ಓಡಿಬಂದಳು. "ಅಕ್ಕೋರೆ, ಪತ್ರ ಬರೆಯೂದು ಬಂದೇ ಇಲ್ರಲ್ಲ!"

ಬರದೇ ಇರುವುದು ಹೇಗೆ ಸಾಧ್ಯ? ಅವಳ ಕೈಯಿಂದ ಪ್ರಶ್ನೆಪತ್ರಿಕೆ ತೆಗೆದುಕೊಂಡು ಕೊನೆಯ ಹಾಳೆ ಮಗುಚಿದೆ. ಪತ್ರ ಅಲ್ಲೇ ಇತ್ತು. ಜ್ವರ ಬಂದಿದೆ, ರಜೆ ಬೇಕು ಎಂದು ಮುಖ್ಯಾಧ್ಯಾಪಕರಿಗೆ ಬರೆಯುವ ಪತ್ರ, ಅವಳಿಗೆ ನಿದ್ದೆಯಲ್ಲೂ ಬರುವಂಥದ್ದು. ಅವಳು ಆ ಪುಟವನ್ನು ನೋಡಿಯೇ ಇರಲಿಲ್ಲ.

"ಇಲ್ಲಿ ಕೆಳಗೆ ಬರೆದದ್ದು ಓದ್ಲಿಲ್ವೇ?" ಎಂದು ಕೇಳಿದೆ.

"ಓದದೆ ಅಕ್ಕೋರೆ. ಟರ್ನ್ ಅಂದ್ರೆ ಪಾಳಿ, ಓವರ್ ಅಂದ್ರೆ ಮುಗೀತು. ನಿನ್ನ ಪಾಳಿ ಮುಗೀತು ಅಂದೇಳಿ ಬರ್ದಾರೆ ಅಂದ್ಕಂಡೆ. ಪೇಪರು ಕೊಟ್ಟೆ."

ಈ ಅರ್ಥವನ್ನು ಅವಳೇನೂ ಎಲ್ಲಿಂದಲೋ ತಂದಿರಲಿಲ್ಲ. ತರಗತಿಯಲ್ಲಿ ಒಬ್ಬೊಬ್ಬರಿಂದ ಓದಿಸುವಾಗ "ನೌ ಯುವರ್ ಟರ್ನ್" ಎಂದು ಬೆರಳು ತೋರುತ್ತಿದ್ದವಳು ನಾನೇ. ಓದಿ ಮುಗಿಸಿದವರಿಗೆ "ಓವರ್?" ಎಂದು ಕೇಳುತ್ತಿದ್ದವಳೂ ನಾನೇ. ಎರಡೂ ಶಬ್ದಗಳನ್ನು ನಾನು ಕೊಟ್ಟ ಅರ್ಥದಲ್ಲಿಯೇ ಕೂಡಿಸಿ, ಒಳ್ಳೆಯ ವಿದ್ಯಾರ್ಥಿನಿಯ ಹಾಗೆ, ಅವಳು ಎದ್ದು ಬಂದಿದ್ದಳು.

ಈಗ ಹೇಳಲು ನಾಚಿಕೆಯಾಗುವ ಮಾತೊಂದಿದೆ. ಮರುದಿನ ಸ್ಟಾಫ್‌ರೂಮಿನಲ್ಲಿ ನಾನು ಇದನ್ನು ನಗೆಹನಿಯಾಗಿ ಹೇಳಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು, ನಾನೂ ನಕ್ಕೆ. ಫಲಿತಾಂಶ ಬಂದಾಗ ಅವಳಿಗೆ ಇಂಗ್ಲಿಷಿನಲ್ಲಿ 31. ಆಗ ಪಾಸಾಗಲು 35 ಬೇಕಿತ್ತು. ಉಳಿದೆಲ್ಲ ವಿಷಯಗಳಲ್ಲಿ ಪಾಸು. ಮತ್ತೆ ಪರೀಕ್ಷೆಗೆ ಫೀ ಕಟ್ಟಿಸಬೇಕು, ಬೇಕಾದರೆ ನಾನೇ ಕಟ್ಟುತ್ತೇನೆ, ಅವರ ಮನೆಗೆ ಹೋಗಿ ಅಪ್ಪನಿಗೆ ಹೇಳಬೇಕು ಎಂದುಕೊಂಡೆ. ಆದರೆ ಮನೆಯಲ್ಲಿ ಮಗುವಿಗೆ ದಡಾರ, ಅತ್ತೆಗೆ ಕಣ್ಣಿನ ಶಸ್ತ್ರಕ್ರಿಯೆ, ಬೇಸಿಗೆಯ ನೆಂಟರು. ಜೂನ್ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು ಹಳ್ಳ ದಾಟಿ ಹೋದಾಗ ಅವಳ ಅವ್ವ ಒಬ್ಬಳೇ ಮನೆಯಲ್ಲಿದ್ದಳು. ಹುಡುಗಿಯನ್ನು ಗೋವೆಗೆ, ಯಾರದೋ ಮನೆಗೆಲಸಕ್ಕೆ ಕಳಿಸಿ ಹದಿನೈದು ದಿನಗಳಾಗಿದ್ದವು. ಆ ಅವ್ವ ನನಗೆ ಮಣೆ ಹಾಕಿ, ಬೆಲ್ಲದ ಚಹಾ ಮಾಡಿಕೊಟ್ಟು, "ನಮ್ಮ ಪೋರಿಗೆ ಇಂಗ್ಲೀಷು ಹತ್ಲಿಲ್ಲ, ನೀವಾರೂ ಎಂತ ಮಾಡ್ತ್ರಿ" ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಹಿಂದಿರುಗಿ ಬರುವಾಗ ಬಸ್ಸಿನಲ್ಲಿ ಯೋಚನೆ ಹತ್ತಿಕೊಂಡಿತು. ಇವಳೊಬ್ಬಳು ಟರ್ನ್ ಓವರಿಗೆ ಎಡವಿದಳು. ಉಳಿದ ಮಕ್ಕಳು ಇನ್ನೆಲ್ಲೆಲ್ಲಿ ಎಡವುತ್ತಿದ್ದಾರೋ ನಾನು ಕೇಳಿದ್ದೇನೆಯೇ? ಆ ವರ್ಷವೇ ಕೇಳತೊಡಗಿದೆ. ಕೇಳಿದಷ್ಟೂ ಗಾಬರಿಯಾಯಿತು.

"ಆನ್ಸರ್ ದ ಫಾಲೋಯಿಂಗ್ ಕ್ವೆಶ್ಚನ್ಸ್" ಎಂಬುದು ಪ್ರಶ್ನೆಪತ್ರಿಕೆಗಳಲ್ಲಿ ಸೊಳ್ಳೆಗಳಷ್ಟು ಇದೆ. ಫಾಲೋ ಎಂದರೆ ಏನು ಎಂದರೆ ಎಲ್ಲರೂ "ಹಿಂಬಾಲಿಸು" ಎಂದರು. ನಿಘಂಟೂ ಅದನ್ನೇ ಹೇಳುತ್ತದೆ. ಹಾಗಾದರೆ ಫಾಲೋಯಿಂಗ್ ಪ್ರಶ್ನೆಗಳು ಎಲ್ಲಿವೆ? ಒಬ್ಬ ಹುಡುಗ ಗಂಭೀರವಾಗಿ ಹಿಂದಿನ ಪುಟ ತೆರೆದು ತೋರಿಸಿದ. ಅವನ ತಪ್ಪೇನು? ಹಿಂಬಾಲಿಸುವುದರಲ್ಲಿ 'ಹಿಂದೆ' ಎಂಬುದು ಇದ್ದೇ ಇದೆಯಲ್ಲ. ಇಂಗ್ಲಿಷಿನವರ ಲೆಕ್ಕದಲ್ಲಿ ಓದುವ ಸಾಲು ಮೆರವಣಿಗೆಯ ಹಾಗೆ. ಈಗ ಓದುತ್ತಿರುವ ವಾಕ್ಯ ಎದುರಿಗೆ ನಡೆದಿದೆ, ಇನ್ನೂ ಓದಬೇಕಾದದ್ದು ಅದರ ಬೆನ್ನಿಗೆ ಬರುತ್ತದೆ, ಆದ್ದರಿಂದ ಅದು ಫಾಲೋಯಿಂಗ್. ನಮ್ಮ ಲೆಕ್ಕದಲ್ಲಿ ಓದುವವನು ದಾರಿಹೋಕ. ಓದಿದ್ದು ಹಿಂದೆ ಉಳಿಯಿತು, ಓದಬೇಕಾದದ್ದು ಮುಂದಿದೆ. ಅವರ ಹಿಂಬಾಲಿಸುವುದು ನಮಗೆ ಮುಂದಿನದು! ಈ ಗಂಟನ್ನು ಬಿಡಿಸದೆ "ಫಾಲೋಯಿಂಗ್" ಎಂದು ವರ್ಷವಿಡೀ ಕೂಗಿದರೆ ಮಗು ಯಾವ ಕಡೆ ನೋಡಬೇಕು?

"ಬಿಲೋ" ಇನ್ನೊಂದು ಬಗೆ. ಬಿಲೋ ಎಂದರೆ ಕೆಳಗೆ. "ದ ಕ್ಯಾಟ್ ಈಸ್ ಬಿಲೋ ದ ಟೇಬಲ್" ಎಂದು ಹಿಂದಿನ ತರಗತಿಯಲ್ಲಿ ಕಲಿತಿದ್ದರು. "ರೀಡ್ ದ ಪ್ಯಾಸೇಜ್ ಗಿವನ್ ಬಿಲೋ" ಎಂದಾಗ ಐದನೆಯ ತರಗತಿಯ ಪುಟ್ಟನೊಬ್ಬ ಬೆಂಚಿನ ಕೆಳಗೆ ಬಗ್ಗಿದನಂತೆ. ಅದು ಪ್ರಾಥಮಿಕ ಶಾಲೆಯ ಅಕ್ಕೋರು ಹೇಳಿದ ಸುದ್ದಿ. ನಾನು ನಗಲಿಲ್ಲ. ಪುಟ ಮೇಜಿನ ಮೇಲೆ ಅಂಗಾತ ಬಿದ್ದಿರುವಾಗ ಅದರಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಎಂಬುದು ಕಲಿಸಿದ ಮೇಲೆ ತಿಳಿಯುವಂಥದ್ದೇ ಹೊರತು ತಾನಾಗಿ ಕಾಣುವಂಥದ್ದಲ್ಲ.

ನಮ್ಮ ಮಾತಿನ ಕಟ್ಟಡವೂ ಬೇರೆ. ಅಂಗಡಿಗೆ ಮಗನನ್ನು ಕಳಿಸುವ ತಾಯಿ "ಉಪ್ಪು, ಮೆಣಸು, ಅರ್ಧ ಕಿಲೋ ಬೆಲ್ಲ ತಗೊಂಡು ಬಾ" ಎನ್ನುತ್ತಾಳೆ. ಸಾಮಾನು ಮೊದಲು, ಏನು ಮಾಡಬೇಕು ಎಂಬುದು ಕೊನೆಗೆ. ಇಂಗ್ಲಿಷಿನವನು ಮೊದಲು "ತಾ" ಎಂದುಬಿಡುತ್ತಾನೆ. ಏನು ತರಬೇಕು ಎಂಬ ಉದ್ದನೆಯ ಪಟ್ಟಿ ಆಮೇಲೆ. ಆ ಪಟ್ಟಿ ನೇತುಹಾಕಲು ಅವನಿಗೊಂದು ಗೂಟ ಬೇಕು. ದ ಫಾಲೋಯಿಂಗ್, ಪಕ್ಕದಲ್ಲಿ ಎರಡು ಚುಕ್ಕೆ, ಅದೇ ಗೂಟ. ಯಾರೋ ಹೇಳಿದ ಮಾತನ್ನು ನಾವು ಮೊದಲು ಹೇಳಿ ಕೊನೆಗೆ "ಎಂದ" ಎನ್ನುತ್ತೇವೆ. ಅವರು "ಹೇಳಿದ" ಎಂದು ಮೊದಲೇ ಹೇಳಿ, ದಟ್ ಎಂಬ ಕೊಂಡಿ ಹಾಕಿ, ಆಮೇಲೆ ಮಾತು ಹೇಳುತ್ತಾರೆ. ಹೀಗಾಗಿ ಮುಂದಕ್ಕೆ ಕೈ ತೋರಿಸುವ ಶಬ್ದಗಳು ಅವರಲ್ಲಿ ಹೆಜ್ಜೆಹೆಜ್ಜೆಗೆ ಬೇಕಾಗುತ್ತವೆ. ನಮ್ಮ ಕಚೇರಿಗಳ "ಈ ಕೆಳಕಂಡ", "ಕೆಳಗೆ ಸಹಿ ಮಾಡಿರುವ" ಮುಂತಾದವು ನನ್ನ ಕಿವಿಗಂತೂ ಧೋತರ ಉಟ್ಟ ಇಂಗ್ಲಿಷಿನ ಹಾಗೆಯೇ ಕೇಳಿಸುತ್ತವೆ.

ಹಾಗೆಂದು ಕನ್ನಡಕ್ಕೆ ಇದು ಗೊತ್ತೇ ಇಲ್ಲ ಎನ್ನಲಾಗದು. ನಮ್ಮ ಆಯಿ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು. ಅಂಕೋಲೆಯಿಂದ ಕಾರವಾರಕ್ಕೆ ನನಗೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದಳು. "ಉಭಯ ಕುಶಲೋಪರಿ ಸಾಂಪ್ರತ, ತರುವಾಯ ಬರೆಯುವುದೇನೆಂದರೆ" ಎಂದೇ ಆರಂಭ. ಈ "ಏನೆಂದರೆ" ಇದೆಯಲ್ಲ, ಅದು ನಮ್ಮ ಅಪ್ಪಟ ಆ್ಯಸ್ ಫಾಲೋಸ್. ಅದನ್ನು ಓದಿದೊಡನೆ ನಾನು ಗೋಡೆಗೆ ಒರಗಿ ಕೂರುತ್ತಿದ್ದೆ. ಇನ್ನು ಸುದ್ದಿ ಬರುತ್ತದೆ. ಮಾವಿನ ಮರದಲ್ಲಿ ಈ ವರ್ಷ ಕರಿ ಇಶಾಡು ಎಷ್ಟು ಬಿಟ್ಟಿದೆ, ಬಂಡಿಹಬ್ಬಕ್ಕೆ ಯಾರು ಯಾರು ಬಂದಿದ್ದರು, ಎಲ್ಲ. ಹಾಳೆ ತುಂಬಿದರೆ ಆಯಿ ಮಡಚುವ ಪಟ್ಟಿಯ ಒಳಗೂ ಬರೆಯುತ್ತಿದ್ದಳು. ಅಲ್ಲಿಗೆ ಹೋಗಬೇಕೆಂದು ತೋರಿಸಲು ಒಂದು ಬಾಣದ ಗುರುತು, ಬಾಣ ಸಾಲದು ಎಂದು ಅದರ ಪಕ್ಕದಲ್ಲಿ "ಇಲ್ಲಿ ನೋಡು ಮಗಾ". ಅವಳ ನಿಜವಾದ ಸುದ್ದಿ ಯಾವಾಗಲೂ ಆ ಪಟ್ಟಿಯಲ್ಲಿರುತ್ತಿತ್ತು. ಅಪ್ಪನಿಗೆ ಎದೆನೋವು ಬಂದು ಹೋದದ್ದನ್ನು ಅಲ್ಲಿಯೇ, ಎರಡು ಸಾಲಿನಲ್ಲಿ ಬರೆದಿದ್ದಳು. ಅವಸರದಲ್ಲಿ ಹರಿದು ತೆರೆದಿದ್ದರೆ ಆ ಸಾಲುಗಳು ಹೋಗಿಬಿಡುತ್ತಿದ್ದವು. ನಾಲ್ಕನೆಯ ಇಯತ್ತೆಯ ಆಯಿಗೆ ತಿಳಿದದ್ದು ಬಿ.ಎಡ್. ಆದ ನನಗೆ ತಿಳಿಯಲಿಲ್ಲವಲ್ಲ ಎಂದು ಆ ಬಾಣ ನೆನಪಾದಾಗಲೆಲ್ಲ ಅನಿಸುತ್ತದೆ. ಓದುವವಳು ದಾರಿ ತಪ್ಪಬಹುದು ಎಂಬ ಚಿಂತೆ ಬರೆಯುವವಳಿಗೆ ಇತ್ತು.

ಇನ್ನೂ ಹಿಂದಕ್ಕೆ ಹೋದರೆ ಕುಮಾರವ್ಯಾಸ ಇದ್ದಾನೆ. ಗದುಗಿನ ಭಾರತದ ಸಂಧಿಗಳ ತಲೆಯ ಮೇಲೆ 'ಸೂಚನೆ' ಎಂಬ ಪುಟ್ಟ ಪದ್ಯ ಬರುತ್ತದೆ. ಈ ಸಂಧಿಯಲ್ಲಿ ಏನು ನಡೆಯುತ್ತದೆ ಎಂದು ಕವಿ ಮೊದಲೇ ಹೇಳಿಬಿಡುತ್ತಾನೆ. ಲಕ್ಷ್ಮೀಶನ ಜೈಮಿನಿ ಭಾರತದಲ್ಲೂ ಈ ಪದ್ಧತಿ ಉಂಟು. ಮಳೆ ಬಾರದಿದ್ದರೆ ವಿರಾಟಪರ್ವ ಓದಿಸುವ ಸಂಪ್ರದಾಯ ನಾಡಿನಲ್ಲಿದೆ. ನಮ್ಮ ಕರಾವಳಿಯಲ್ಲಿ ಮಳೆಗೇನು ಬರ, ಆದರೂ ತವರಿನಲ್ಲಿ ಶ್ರಾವಣದ ಸಂಜೆಗಳಲ್ಲಿ ಅಪ್ಪ ಅದನ್ನು ಓದುತ್ತಿದ್ದರು. ಹತ್ತು ವರ್ಷದ ನನಗೆ ಸೂಚನೆಯ ಮೇಲೆ ಸಿಟ್ಟು. ಕೀಚಕ ಸಾಯುತ್ತಾನೆ ಎಂದು ಮೊದಲೇ ಹೇಳಿದರೆ ಮತ್ತೆ ಕೇಳುವುದು ಯಾಕೆ ಎಂದು ಅಜ್ಜಿಯ ಹತ್ತಿರ ಜಗಳ ತೆಗೆದೆ. ಅಜ್ಜಿ ಬತ್ತಿ ಹೊಸೆಯುತ್ತ, "ಅವ ಸಾಯೂದು ನಂಗೆ ಗೊತ್ತಿಲ್ವನೆ? ಹೆಂಗೆ ಸಾಯ್ತ ಅಂದೇಳಿ ಕೇಳೂಕೆ ಕೂತದ್ದು" ಎಂದಳು. ಮುಂದೆ ಬಿ.ಎ.ಯಲ್ಲಿ ಹೆನ್ರಿ ಫೀಲ್ಡಿಂಗ್ 1749ರಲ್ಲಿ ಬರೆದ 'ಟಾಮ್ ಜೋನ್ಸ್' ಕಾದಂಬರಿಯ ವಿಷಯ ಬಂದಾಗ, ಅದರ ಅಧ್ಯಾಯಗಳ ತಲೆಯ ಮೇಲೂ ಒಳಗೇನಿದೆ ಎಂದು ಸೂಚಿಸುವ ಸಾಲುಗಳಿವೆ ಎಂದು ತಿಳಿಯಿತು. ಅವನಿಗಿಂತ ಮುನ್ನೂರು ವರ್ಷ ಮೊದಲೇ ನಮ್ಮ ಗದುಗಿನವನು ಈ ಕೆಲಸ ಮಾಡಿದ್ದ ಎಂದು ಹೆಮ್ಮೆಪಟ್ಟುಕೊಂಡೆ. ಯಕ್ಷಗಾನದಲ್ಲೂ ಅಷ್ಟೆ. ಭಾಗವತರು ಪದ್ಯದಲ್ಲಿ ವಿಷಯವನ್ನು ಮೊದಲೇ ಹಾಡಿರುತ್ತಾರೆ. ವೇಷಧಾರಿ ಅದನ್ನೇ ಮಾತಿನಲ್ಲಿ ಬೆಳೆಸುತ್ತಾನೆ. ಆದರೂ ನಾವು ಬೆಳಗಿನ ತನಕ ಕೂತಿರುತ್ತಿದ್ದೆವು.

ಈ ಕೈತೋರುವ ಶಬ್ದಗಳನ್ನು ಬೇಕಾಬಿಟ್ಟಿ ಬಳಸುವವರ ಮೇಲೂ ನನಗೆ ಸಿಟ್ಟಿದೆ. ಸಭೆಗಳಲ್ಲಿ "ಎರಡೇ ಮಾತು ಹೇಳಿ ಮುಗಿಸುತ್ತೇನೆ" ಎಂದವರು ಅರ್ಧ ಗಂಟೆ ನಿಲ್ಲುತ್ತಾರೆ. "ಕೊನೆಯದಾಗಿ" ಎಂಬುದು ಮೂರು ಸಲ ಬರುತ್ತದೆ. ಮೊದಲನೆಯ ಸಲಕ್ಕೆ ಚಪ್ಪಲಿ ಹುಡುಕಲು ಕಾಲು ಚಾಚಿದ ಹೆಂಗಸರು ಮತ್ತೆ ಕಾಲು ಮಡಚಿಕೊಳ್ಳಬೇಕು. ಗೈಡ್ ನೋಡಿ ಪ್ರಬಂಧ ಬರೆಯುವ ಮಕ್ಕಳು "ಇನ್ ದಿಸ್ ಎಸ್ಸೇ ಐ ಆ್ಯಮ್ ಗೋಯಿಂಗ್ ಟು ರೈಟ್ ಅಬೌಟ್ ಕೌ" ಎಂದು ಅರ್ಧ ಪುಟ ಕಳೆದು, ಹಸು ಬರುವಷ್ಟರಲ್ಲಿ ಗಂಟೆ ಬಾರಿಸುತ್ತದೆ. ಮೂರು ಕಾರಣಗಳಿವೆ ಎಂದು ಬರೆದು ಎರಡನ್ನೇ ಕೊಡುವವರಂತೂ ಪ್ರತಿ ವರ್ಷ ಸಿಗುತ್ತಾರೆ. ಮೂರು ಎಂದರೆ ಮೂರು ಕೊಡಬೇಕು. ಊಟಕ್ಕೆ ಕರೆದು ಎಲೆ ಹಾಕದೇ ಇದ್ದ ಹಾಗೆ ಆಗುತ್ತದೆ ಎಂದು ಅವರಿಗೆ ಹೇಳುತ್ತೇನೆ. ಮುಂದೆ ಒಂದೇ ಸಂಗತಿ ಇರಲಿ, ಹತ್ತು ಇರಲಿ, ಆ್ಯಸ್ ಫಾಲೋಸ್ ಎಂದೇ ಬರೆಯಬೇಕು, ಕೊನೆಯ ಸಕಾರ ಬಿಡಬಾರದು ಎಂಬುದನ್ನು ನಾನೂ ತಡವಾಗಿಯೇ ಕಲಿತೆ.

2000ದ ಜೂನಿನಿಂದ ನನ್ನ ಹತ್ತನೆಯ ತರಗತಿಯ ಮೊದಲ ಪಾಠ ಪದ್ಯವೂ ಅಲ್ಲ, ಗದ್ಯವೂ ಅಲ್ಲ. ಹಿಂದಿನ ವರ್ಷದ ಪ್ರಶ್ನೆಪತ್ರಿಕೆ. ಉತ್ತರ ಬರೆಯುವುದಿಲ್ಲ. ಪೆನ್ಸಿಲ್ ಹಿಡಿದು, ಕೈ ತೋರಿಸುವ ಶಬ್ದ ಕಂಡಲ್ಲೆಲ್ಲ ಒಂದು ಬಾಣ ಹಾಕಬೇಕು, ಆ ಬಾಣ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಬೆರಳಿಟ್ಟು ತೋರಿಸಬೇಕು. ಟರ್ನ್ ಓವರ್ ಬಂದಾಗ ಇಡೀ ತರಗತಿ ಒಟ್ಟಿಗೆ ಹಾಳೆ ಮಗುಚಬೇಕು. ನಲವತ್ತು ಹಾಳೆ ಒಮ್ಮೆಗೇ ಮಗುಚಿದಾಗ ಪಾರಿವಾಳಗಳು ಎದ್ದ ಹಾಗೆ ಸದ್ದಾಗುತ್ತದೆ. ಒಮ್ಮೆ ಶಾಲೆ ನೋಡಲು ಬಂದ ಹಿರಿಯರೊಬ್ಬರು "ಇದು ಯಾವ ಪಾಠ ಅಕ್ಕೋರೆ, ಸಿಲೆಬಸ್ಸಿನಲ್ಲಿ ಇದೆಯೇ?" ಎಂದು ಕೇಳಿದರು. ಇಲ್ಲ ಎಂದೆ. ಅವರು ಡೈರಿಯಲ್ಲಿ ಏನೋ ಬರೆದುಕೊಂಡು ಹೋದರು.

ಆ ಹುಡುಗಿ ಮತ್ತೆ ಸಿಕ್ಕಿದ್ದು 2023ರಲ್ಲಿ. ತಮ್ಮನ ಮಗಳು ಆ ವರ್ಷ ಪರೀಕ್ಷೆಗೆ ಕೂತಿದ್ದರಿಂದ ನನಗೆ ಕೊಠಡಿಯ ಕೆಲಸ ಇರಲಿಲ್ಲ. ಇಂಗ್ಲಿಷ್ ಪರೀಕ್ಷೆಯ ದಿನ ಅವಳನ್ನು ಅಂಕೋಲೆಯ ಕೇಂದ್ರಕ್ಕೆ ಬಿಟ್ಟು, ಹೊರಗೆ ಮರದ ನೆರಳಿನಲ್ಲಿ ಉಳಿದ ತಾಯಂದಿರ ನಡುವೆ ಕೂತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಬಹಳ ಹೊತ್ತು ನೋಡಿ, "ಅಕ್ಕೋರೆ, ಗುರ್ತ ಸಿಕ್ತ್ರಾ?" ಎಂದಳು. ನಗು ಅದೇ ಇತ್ತು. ಗೋವೆಯಲ್ಲಿ ಆರು ವರ್ಷ ದುಡಿದಳಂತೆ, ಆಮೇಲೆ ಮದುವೆ, ಈಗ ಊರಲ್ಲೇ ಗಂಡನ ಜೊತೆ ಪುಟ್ಟ ಅಂಗಡಿ. ಒಳಗೆ ಪರೀಕ್ಷೆ ಬರೆಯುತ್ತಿದ್ದವಳು ಅವಳ ಹಿರಿಯ ಮಗಳು.

ಇಪ್ಪತ್ತನಾಲ್ಕು ವರ್ಷ ಎದೆಯಲ್ಲಿಟ್ಟುಕೊಂಡದ್ದನ್ನು ಹೇಗೆ ಹೇಳುವುದೆಂದು ತಿಳಿಯದೆ, ಪೀಠಿಕೆ ಇಲ್ಲದೆ ಹೇಳಿಬಿಟ್ಟೆ. "ಅವತ್ತಿನ ತಪ್ಪು ನನ್ನದು ತಂಗಿ. ಟರ್ನ್ ಓವರ್ ಅಂದರೇನು ಅಂತ ನಾನು ಹೇಳಿಕೊಟ್ಟಿರಲಿಲ್ಲ."

"ಬಿಡಿ ಅಕ್ಕೋರೆ, ಅದ್ಯಾವ ಕಾಲದ್ದು" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಪತ್ರ ಮಾತ್ರ ಬತ್ತಿತ್ತು ನಂಗೆ. ಈಗೂ ಬತ್ತದೆ, ಕೇಳಿ" ಎಂದು, ಸೆರಗು ಸರಿಮಾಡಿಕೊಂಡು, ಪಕ್ಕದವರೆಲ್ಲ ತಿರುಗಿ ನೋಡುವಂತೆ ಒಪ್ಪಿಸತೊಡಗಿದಳು. "ರೆಸ್ಪೆಕ್ಟೆಡ್ ಸರ್, ಆ್ಯಸ್ ಐ ಆ್ಯಮ್ ಸಫರಿಂಗ್ ಫ್ರಮ್ ಫೀವರ್, ಐ ಆ್ಯಮ್ ಅನೇಬಲ್ ಟು ಅಟೆಂಡ್ ದ ಸ್ಕೂಲ್..." ಒಂದು ಶಬ್ದವೂ ತಪ್ಪಲಿಲ್ಲ. ಯುವರ್ಸ್ ಒಬೀಡಿಯಂಟ್ಲಿ ಎಂದು ಮುಗಿಸಿ ತನ್ನ ಹೆಸರನ್ನೂ ಸೇರಿಸಿ ನಕ್ಕಳು. ನನಗೆ ಎದುರಿನ ರಸ್ತೆ ಮಂಜುಮಂಜಾಗಿ ಕಂಡಿತು.

ಗಂಟೆ ಬಾರಿಸಿತು. ಮಕ್ಕಳು ಹೊರಗೆ ಹರಿದು ಬಂದರು. ಅವಳ ಮಗಳು ಗೆಳತಿಯರ ಜೊತೆ ನಗುತ್ತ ಬಂದಳು. ಹೇಗಾಯಿತು ಎಂದು ಇವಳು ಕೇಳಲಿಲ್ಲ. ಮಗಳ ಕೈಯಿಂದ ಪ್ರಶ್ನೆಪತ್ರಿಕೆ ಕಸಿದುಕೊಂಡು, ಒಂದೊಂದೇ ಹಾಳೆ ಮಗುಚಿ, ಕೊನೆಯದರ ಬೆನ್ನನ್ನು ನೋಡಿದಳು. "ಎಲ್ಲಾ ಬರ್ದೆ ಆಯಿ, ಕಡೇದು ಪತ್ರ ಇತ್ತು, ಅದೂ ಬರ್ದೆ" ಎಂದು ಮಗಳು ರೇಗಿದಳು. ಹಾಳೆಯ ಬೆನ್ನು ಖಾಲಿ ಇತ್ತು. ಇವಳು ಅದನ್ನು ಬಿಸಿಲಿಗೆ ಹಿಡಿದು ಇನ್ನೊಮ್ಮೆ ನೋಡಿ, ನಾಲ್ಕಾಗಿ ಮಡಚಿ, ತನ್ನ ಚೀಲದಲ್ಲಿ ಇಟ್ಟುಕೊಂಡಳು.